ಅಲಾಯ್ ಹಾಕ್ಸಿದ್ಮೇಲೆ ಸ್ಟೀರಿಂಗ್ ಅದುರ್ತಿದ್ರೆ ಮೊದಲು ವೀಲ್ ನಡುವಿನ ತೂತು ಅಳೀರಿ

ಕ್ರೆಟಾಗೆ ಹೊರಗಡೆ 17 ಇಂಚಿನ ಅಲಾಯ್ ವೀಲ್ ಹಾಕ್ಸಿದೀರ, 90 ದಾಟ್ತಿದ್ದಂಗೆ ಸ್ಟೀರಿಂಗ್ ಅದುರುತ್ತೆ, ಮೂರು ಸಲ ಬ್ಯಾಲೆನ್ಸಿಂಗ್ ಮಾಡ್ಸಿದ್ರೂ ಹೋಗಿಲ್ಲ, ಈಗ ಅಂಗಡಿಯವ್ರು ಅಲೈನ್‌ಮೆಂಟ್ ಮಾಡ್ಸಿ, ಅದಕ್ಕೂ ಆಗ್ಲಿಲ್ಲ ಅಂದ್ರೆ ಸಸ್ಪೆನ್ಷನ್ ಬಿಚ್ಚಣ ಅಂತಿದಾರೆ, ಏನ್ ಮಾಡ್ಲಿ ಅಂತ ಕೇಳಿದೀರ. ಸದ್ಯಕ್ಕೆ ಜೇಬಿಗೆ ಕೈ ಹಾಕ್ಬೇಡಿ. ನಂದೂ ಕ್ರೆಟಾನೇ, ಇದೇ ಕಾಟಾನ ಎರಡು ತಿಂಗಳು ಅನುಭವಿಸಿದೀನಿ.

ಅಲೈನ್‌ಮೆಂಟ್ ವಿಷ್ಯ ಮೊದಲು ಮುಗಿಸ್ಬಿಡ್ತೀನಿ. ಅಲೈನ್‌ಮೆಂಟ್ ಕೆಟ್ರೆ ಗಾಡಿ ಒಂದು ಕಡೆಗೆ ಎಳೆಯುತ್ತೆ, ಟಯರ್ ಒಂದು ಪಕ್ಕ ಸವೆಯುತ್ತೆ, ಇಂಥ ಸ್ಪೀಡಿಗೆ ಕರೆಕ್ಟಾಗಿ ಶುರುವಾಗೋ ಅದುರು ಅದ್ರಿಂದ ಬರಲ್ಲ. ಬ್ರೇಕ್ ಒತ್ತಿದಾಗ ಮಾತ್ರ ಅದುರಿದ್ರೆ ಅದು ಡಿಸ್ಕ್. ಸ್ಟೀರಿಂಗ್ ಸುಮ್ನಿದ್ದು ಸೀಟ್ ಮಾತ್ರ ಜುಮ್ ಅಂದ್ರೆ ಹಿಂದಿನ ವೀಲ್ ಮೇಲೆ ಅನುಮಾನ ಪಡಿ. ನಿಮ್ದು ಸ್ಟೀರಿಂಗು, ಅದೂ ಹೊಸ ವೀಲ್ ಬಂದ ದಿನದಿಂದ, ಅಂದ್ಮೇಲೆ ಮುಂದಿನ ವೀಲ್‌ಗಳನ್ನೇ ನೋಡ್ಬೇಕು.

ನನ್ ಕಥೆ ಹೇಳ್ತೀನಿ. ವೀಲ್ ಹಾಕ್ಸಿದ ಭಾನುವಾರ ಅಪ್ಪನ್ನ ಕೂರಿಸ್ಕೊಂಡು ಮೈಸೂರಿಂದ ಬೆಂಗಳೂರಿಗೆ ಹೊರಟೆ. ಊರೊಳಗೆ ಏನೂ ಗೊತ್ತಾಗ್ಲಿಲ್ಲ, ರಿಂಗ್ ರೋಡಲ್ಲೂ ಗೊತ್ತಾಗ್ಲಿಲ್ಲ, ಶ್ರೀರಂಗಪಟ್ಟಣ ದಾಟಿ 90 ಆಯ್ತು ನೋಡಿ, ಗೇರ್ ಹತ್ರ ಟೋಲ್ ಚಿಲ್ಲರೆ ಅಂತ ಇಟ್ಟಿದ್ದ ಎರಡು ರೂಪಾಯಿ ಕಾಯಿನ್‌ಗಳು ಗಲಗಲ ಅನ್ನಕ್ಕೆ ಶುರು. 'ಯಾಕ್ಲಾ ಮಗ, ಸಾವಿರಾರು ರೂಪಾಯಿ ಸುರುದ್ಬುಟ್ಟು ಗಾಡಿಗೆ ಚಳಿಜ್ವರ ಬರುಸ್ಕೊಂಡಿದೀಯಲ್ಲ' ಅಂದ್ರು ಅಪ್ಪ. ಮಂಡ್ಯದೋರು, ಸುಮ್ನೆ ಕೂತ್ಕೊಳೋ ಜನ ಅಲ್ಲ. 110ಕ್ಕೆ ಒತ್ತಿದ್ರೆ ಅದುರು ಕಮ್ಮಿ ಆಗುತ್ತೇನೋ ಅಂತ ನೋಡ್ಬೋದಿತ್ತು, ಆದ್ರೆ ಆ ರೋಡಲ್ಲಿ ಕಾರಿಗೆ ಲಿಮಿಟ್ 100, ಕ್ಯಾಮೆರಾ ಬೇರೆ.

ವಾಪಸ್ ಬಂದು ಬ್ಯಾಲೆನ್ಸಿಂಗ್ ಮಾಡ್ಸಿದೆ. ಮೆಷಿನ್‌ನಲ್ಲಿ ಸೊನ್ನೆ ಸೊನ್ನೆ, ಅಂದ್ರೆ ಯಾವ ಕಡೆನೂ ಭಾರ ಹೆಚ್ಚಿಲ್ಲ, ಅಂತ ತೋರ್ಸಿದ್ರು, ನಾನೇ ಪಕ್ಕದಲ್ಲಿ ನಿಂತು ನೋಡ್ದೆ. ರೋಡಿಗೆ ಬಂದ್ರೆ ಮತ್ತೆ ಅದೇ. ಇನ್ನೊಂದು ಅಂಗಡಿ, ಅಲ್ಲೂ ಸೊನ್ನೆ. ಮೆಷಿನ್ ಸುಳ್ಳು ಹೇಳ್ತಿದೆ ಅಂತ ನಾನು ತಿಳ್ಕೊಂಡೆ, ಅದು ಸುಳ್ಳು ಹೇಳ್ತಿರ್ಲಿಲ್ಲ.

ವಿಷ್ಯ ಇಲ್ಲಿದೆ. ಬ್ಯಾಲೆನ್ಸಿಂಗ್ ಮೆಷಿನ್‌ಗೆ ವೀಲ್ ಹಾಕುವಾಗ ನಡುವಿನ ತೂತಿಗೆ ಒಂದು ಕೋನ್ ತುರುಕಿ ಬಿಗೀತಾರೆ ಅಲ್ವಾ, ಹಾಗಾಗಿ ಅಲ್ಲಿ ವೀಲ್ ತೂತಿನ ಸೆಂಟರ್ ಮೇಲೇ ತಿರುಗುತ್ತೆ. ಕಾರಲ್ಲಿ ಆ ಕೋನ್ ಇಲ್ಲ, ಹಬ್‌ನಿಂದ, ಅಂದ್ರೆ ವೀಲ್ ಕೂರೋ ಭಾಗದಿಂದ, ಆಚೆ ಚಾಚ್ಕೊಂಡಿರೋ ಒಂದು ಉಬ್ಬು ಇದೆ. ಕ್ರೆಟಾದಲ್ಲಿ ಅದು 67.1 ಎಂಎಂ. ಕಂಪನಿ ವೀಲ್‌ನ ತೂತೂ ಅಷ್ಟೇ ಇರುತ್ತೆ, ಡಬ್ಬಿಗೆ ಮುಚ್ಚಳ ಕೂತಂಗೆ ಕೂರುತ್ತೆ. ಹೊರಗಡೆ ಅಲಾಯ್ ಮಾಡೋರು ಒಂದೇ ವೀಲ್‌ನ ಹತ್ತು ಥರದ ಕಾರಿಗೆ ಮಾರ್ಬೇಕಲ್ಲ, ಅದಕ್ಕೆ ತೂತು ದೊಡ್ಡದಾಗಿ ಬಿಟ್ಟಿರ್ತಾರೆ, ಬಹಳ ಕಡೆ 73.1. ಬೋಲ್ಟ್ ಅಳತೆ 5x114.3, ಅಂದ್ರೆ 114.3 ಎಂಎಂ ವೃತ್ತದ ಮೇಲೆ ಐದು ಬೋಲ್ಟ್, ಸರಿಯಾಗೇ ಕೂರುತ್ತೆ, ಈ ಅಳತೆಗೇ ಪಿಸಿಡಿ ಅನ್ನೋದು, ಅಂಗಡಿಯವ್ರು 'ಪಿಸಿಡಿ ಮ್ಯಾಚು ಸಾರ್' ಅಂತ ಹಾಕ್ಬಿಡ್ತಾರೆ, ಸುತ್ತ 3 ಎಂಎಂ ಖಾಲಿ ಜಾಗ ಉಳ್ಕೊಂಡಿರೋದು ಒಳಗಡೆ ಇರೋದ್ರಿಂದ ಯಾರಿಗೂ ಕಾಣ್ಸಲ್ಲ. ಆ ಜಾಗ ತುಂಬಕ್ಕೆ ಒಂದು ರಿಂಗ್ ಬರುತ್ತೆ, ಹಬ್ ರಿಂಗ್ ಅಂತಾರೆ, ನನಗೆ ಕೊಟ್ಟಿರ್ಲಿಲ್ಲ.

ಅಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟೊಂದಾ ಅಂದ್ರೆ, ಲೆಕ್ಕ ಹಾಕಿ ನೋಡಿ. ವೀಲು ಟಯರು ಸೇರಿ 22 ಕೆಜಿ ಅಂತ ಇಟ್ಕೊಳ್ಳಿ, ಅದು ಸೆಂಟರಿಂದ ಬರೀ ಅರ್ಧ ಎಂಎಂ ಆ ಕಡೆ ಕೂತ್ರೆ, ರಿಮ್ ಅಂಚಲ್ಲಿ 50 ಗ್ರಾಂ ಹತ್ರ ವೇಟ್ ತಪ್ಪಾಗಿ ಅಂಟಿಸ್ದಂಗೆ. 215/60 ಆರ್17 ಟಯರ್ 100ರಲ್ಲಿ ಸೆಕೆಂಡಿಗೆ ಸುಮಾರು 13 ಸುತ್ತು ತಿರುಗುತ್ತೆ, ಆ 50 ಗ್ರಾಂ ಸೆಕೆಂಡಿಗೆ 13 ಸಲ ಆರೇಳು ಕೆಜಿ ಬಲದಲ್ಲಿ ಜಗ್ಗುತ್ತೆ. ಈ ಬಲ ಸ್ಪೀಡಿನ ವರ್ಗದಂತೆ ಏರುತ್ತೆ, 50ರಲ್ಲಿ ಇದ್ದಿದ್ದು 100ಕ್ಕೆ ನಾಲ್ಕು ಪಟ್ಟು, ಅದಕ್ಕೇ ಊರೊಳಗೆ ಗೊತ್ತಾಗಲ್ಲ.

ಈಗ ಖರ್ಚಿಲ್ಲದ ಕೆಲಸ ಮೊದಲು ಮಾಡಿ. ಟೇಪರ್ ನಟ್, ಅಂದ್ರೆ ವೀಲ್ ಕಡೆ ತುದಿ ಕೋನ್ ಥರ ಸಣ್ಣಗಾಗಿರೋ ನಟ್, ಇರೋ ವೀಲ್ ಆದ್ರೆ ರಿಂಗ್ ಇಲ್ದಿದ್ರೂ ನಟ್‌ಗಳೇ ವೀಲ್‌ನ ಸೆಂಟರಿಗೆ ತರ್ಬೇಕು, ತರ್ತವೆ ಕೂಡ, ಆದ್ರೆ ಕೈಯಲ್ಲಿ ನಿಧಾನಕ್ಕೆ ಬಿಗಿದ್ರೆ. ನಮ್ ಅಂಗಡಿ ಹುಡುಗ್ರು ಏನ್ಮಾಡ್ತಾರೆ, ವೀಲ್ ನೇತಾಡ್ತಿರುವಾಗ್ಲೇ ಮೊದಲ್ನೇ ನಟ್‌ಗೆ ಗನ್ ಇಟ್ಟು ಟರ್ರ್ ಅನ್ಸಿಬಿಡ್ತಾರೆ, ವೀಲ್ ಅದರ ಭಾರಕ್ಕೆ ಕೆಳಗೆ ಜಗ್ಗಿದ ಕಡೆಯಲ್ಲೇ ಲಾಕ್ ಆಗುತ್ತೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನೆಲದ ಮೇಲಿರುವಾಗ್ಲೇ ನಟ್ ಸ್ವಲ್ಪ ಸಡಿಲ ಮಾಡಿ, ಆಮೇಲೆ ಜಾಕ್ ಏರ್ಸಿ. ವೀಲ್ ಬಿಚ್ಚಿ ಹಬ್ ಮುಖದಲ್ಲಿರೋ ತುಕ್ಕನ್ನ ವೈರ್ ಬ್ರಷ್‌ನಲ್ಲಿ ಉಜ್ಜಿ. ಮತ್ತೆ ಹಾಕಿ ಐದೂ ನಟ್ ಬೆರಳಲ್ಲೇ ತಿರುಗ್ಸಿ, ಒಂದು ಬಿಟ್ಟು ಒಂದು, ನಕ್ಷತ್ರ ಬರೆದಂಗೆ, ವೀಲ್‌ನ ಸ್ವಲ್ಪ ಸ್ವಲ್ಪ ಅಲ್ಲಾಡಿಸ್ಕೊಂಡು. ಕೊನೆ ಬಿಗಿ ಜಾಕ್ ಇಳಿಸಿದ್ಮೇಲೆ, ಟಾರ್ಕ್ ರೆಂಚ್ ಸಿಕ್ರೆ 110-120 ನ್ಯೂಟನ್ ಮೀಟರ್ ಆಸುಪಾಸು, ಗಾಡಿ ಜೊತೆ ಬಂದ ಪುಸ್ತಕದಲ್ಲಿ ಇರುತ್ತೆ ನೋಡ್ಕೊಳ್ಳಿ. ನೂರು ಕಿಲೋಮೀಟರ್ ಓಡ್ಸಿ ಇನ್ನೊಂದ್ಸಲ ಚೆಕ್ ಮಾಡಿ. ಇನ್ನೋವಾ ಥರ ಟೊಯೋಟಾ ಗಾಡಿ ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಕಂಪನಿ ಅಲಾಯ್‌ಗೆ ಬರೋ ಚಪ್ಪಟೆ ವಾಷರ್ ನಟ್‌ನ ಟೇಪರ್ ತೂತಿನ ವೀಲ್‌ಗೆ ಹಾಕ್ಬೇಡಿ, ಅದು ಅದುರೋ ವಿಷ್ಯ ಅಲ್ಲ, ವೀಲ್ ಕಳಚಿಕೊಳ್ಳೋ ವಿಷ್ಯ.

ನನಗೆ ಇದ್ರಲ್ಲಿ ಮುಕ್ಕಾಲು ಪಾಲು ಹೋಯ್ತು, ಪೂರ್ತಿ ಹೋಗ್ಲಿಲ್ಲ. ಆಗ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೋಹ ಕಡೆಯೋ ಲೇಥ್ ಮೆಷಿನ್ ಇಟ್ಕೊಂಡಿರೋ ಒಬ್ರ ಹತ್ರ ಒಂದು ವೀಲ್ ಎತ್ಕೊಂಡು ಹೋದೆ. ವಯಸ್ಸಾದವ್ರು, ಕನ್ನಡಕ ಹಣೆ ಮೇಲೆ ಏರಿಸ್ಕೊಂಡು ಅಳತೆ ತಗೊಳೋ ವರ್ನಿಯರ್‌ನ ತೂತಿಗೆ ಇಟ್ರು, ತಿರುಗಿಸಿ ಇನ್ನೊಂದು ಕಡೆ ಇಟ್ರು, ಸೀಮೆಸುಣ್ಣದಲ್ಲಿ ಮೆಷಿನ್ ಮೇಲೇ 73.1 ಅಂತ ಬರ್ಕೊಂಡ್ರು. 'ವೀಲ್ ಅಳತೆ ಸಿಕ್ತು, ಗಾಡೀದು ಬೇಕಲ್ಲ' ಅಂತ ಹಬ್‌ನೂ ಅಳೆದ್ರು, ನಾನು 67.1 ಅಂತ ಹೇಳಿದ್ರೂ ನಂಬ್ಲಿಲ್ಲ, ಅದೇ ಸರಿ. ಅಲ್ಯೂಮಿನಿಯಂ ರಾಡಿಂದ ನಾಲ್ಕು ರಿಂಗ್ ತೆಗೆದುಕೊಟ್ರು. ಅಂಗೈಯಲ್ಲಿ ಒತ್ತಿದ್ರೆ ಟಕ್ ಅಂತ ಕೂತ್ಕೊಳ್ಳುತ್ತೆ, ಬೆರಳಲ್ಲಿ ಕಿತ್ರೆ ಬರಲ್ಲ. ನಾಲ್ಕಕ್ಕೂ ಸೇರಿ 1200 ತಗೊಂಡ್ರು. ಆನ್‌ಲೈನ್‌ನಲ್ಲಿ ಪ್ಲಾಸ್ಟಿಕ್‌ದು ಸಿಗುತ್ತೆ, ಕೆಲಸಾನೂ ಮಾಡುತ್ತೆ, ನನಗೆ ಬ್ರೇಕ್ ಬಿಸಿಗೆ ಅದರ ಮೇಲೆ ನಂಬಿಕೆ ಬರ್ಲಿಲ್ಲ ಅಷ್ಟೇ. ಅಲ್ಯೂಮಿನಿಯಂ ಹಾಕಿದ್ರೆ ಹಬ್ ಕಡೆ ತೆಳ್ಳಗೆ ಗ್ರೀಸ್ ಸವರಿ, ಇಲ್ಲಾಂದ್ರೆ ಮಳೆಗಾಲ ಕಳೆದ್ಮೇಲೆ ಪಂಚರ್ ಆದಾಗ ವೀಲ್ ಬಿಚ್ಚಕ್ಕೆ ಸುತ್ತಿಗೆ ಬೇಕಾಗುತ್ತೆ.

ಇಷ್ಟಾದ್ರೂ ಅದುರಿದ್ರೆ ಮುಂದಿನ ವೀಲ್ ಹಿಂದಕ್ಕೆ ಹಾಕಿ ನೋಡಿ, ಅದುರು ಸೀಟಿಗೆ ಹೋದ್ರೆ ಆ ವೀಲೋ ಟಯರೋ ಸೊಟ್ಟ ಇದೆ. ಜಾಕ್ ಮೇಲೆ ಚಕ್ರ ತಿರುಗಿಸ್ತಾ ರಿಮ್ ಹತ್ರ ಒಂದು ಪೆನ್ಸಿಲ್ ಅಲ್ಲಾಡ್ದಂಗೆ ಹಿಡೀರಿ, ಗ್ಯಾಪ್ ಹೆಚ್ಚು ಕಮ್ಮಿ ಆದ್ರೆ ಬಿಲ್ ಸಮೇತ ಅಂಗಡಿಗೆ ಹೋಗಿ ಬದಲಾಯ್ಸಿ ಅಂತ ಕೇಳಿ.

ನಂದು ರಿಂಗ್ ಹಾಕಿದ್ಮೇಲೆ 100ರಲ್ಲಿ ಕಾಯಿನ್ ಸದ್ದಿಲ್ಲ. ಹೋದ ತಿಂಗಳು ಮಾತ್ರ ಒಂದ್ಸಲ ಮತ್ತೆ ಅದುರಿ ಎದೆ ಧಸಕ್ ಅಂತು, ಆಮೇಲೆ ನೆನಪಾಯ್ತು ಹಿಂದಿನ ದಿನ ಪಾಂಡವಪುರದ ಕಡೆ ನಾಲೆ ಏರಿ ಮೇಲೆ ಮಳೇಲಿ ಹೋಗಿದ್ದೆ. ರಿಮ್ ಒಳಗಡೆ ಪೈಪಲ್ಲಿ ನೀರು ಬಿಟ್ರೆ ಒಣಗಿದ ಗದ್ದೆ ಮಣ್ಣು ಹೆಂಟೆ ಹೆಂಟೆ ಉದುರ್ತು.