ರಾತ್ರಿ ಮೂರು ಗಂಟೆಗೆ ಫೋನ್ ಮಾಡಿ

ಮೊದಲು ಆ ‘ಸರ್’ ಬಿಡಿ. ನಿಮ್ಮ ಒಂದೇ ಪತ್ರದಲ್ಲಿ ಏಳು ಸಲ ಇದೆ, ಎಣಿಸಿದೆ. ನೀವು ದಾವಣಗೆರೆಯವರು, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್ (ಎಂ.ಎಸ್. ಆದಮೇಲಿನ ಡಿಗ್ರಿ) ಮುಗಿಸಿದ್ದೀರಿ, ಫೆಲೋ ಕೆಲಸಕ್ಕೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಬಂದು ಎರಡು ವಾರ ಆಗಿದೆ, ಮುಖದ ರೀಕನ್‌ಸ್ಟ್ರಕ್ಷನ್ ಮೇಲೆ ಆಸೆ. ಎಂ.ಸಿಎಚ್‌ಗೆ ಇಲ್ಲಿ ಬೆಲೆ ಇದೆಯಾ, ಕಾಸ್ಮೆಟಿಕ್ ಕಡೆ ದುಡ್ಡಿದೆಯಾ, ಚಳಿಗೆ ಏನು ಮಾಡೋದು, ಅಮ್ಮನನ್ನು ಕರೆಸಿಕೊಳ್ಳಬಹುದಾ, ಹೊಂದಿಕೊಳ್ಳೋಕೆ ಯಾವುದು ಕಷ್ಟ ಅಂತ ಕೇಳಿದ್ದೀರಿ. ಕೊನೆಯದನ್ನು ಸುಮ್ನೆ ಸೇರಿಸಿರಬಹುದು. ಆದರೆ ನನಗೆ ಹೇಳೋಕೆ ಇರೋದು ಅದೇ.

ಚಳಿಗೆ ಕೋಟನ್ನು ಇಲ್ಲೇ ಕೊಳ್ಳಿ. ಕುಕ್ಕರ್ ಹೇಗೂ ತಂದಿರುತ್ತೀರಿ.

ನಾನು ಬಂದದ್ದು 2004ರ ಜನವರಿಯಲ್ಲಿ, ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯಿಂದ. ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಡಬ್ಬಿ ಸೂಟ್‌ಕೇಸಿನಲ್ಲಿ ಸೋರಿತ್ತು. ಇಂಟರ್‌ವ್ಯೂಗೆ ಅಂತ ಇಟ್ಟಿದ್ದ ಬಿಳಿ ಶರ್ಟು ಕೆಂಪಾಗಿ, ಸಾಸಿವೆ ವಾಸನೆ ಹೊಡೆಯುತ್ತಿತ್ತು. ಎಷ್ಟು ಒಗೆದರೂ ಹೋಗಲಿಲ್ಲ, ಮೇಲೆ ಸ್ವೆಟರ್ ಹಾಕಿಕೊಂಡು ಹೋದೆ. ಆಗ ನಮ್ಮಂಥವರಿಗೆ ಟ್ರೇನಿಂಗ್‌ಗೆ ವರ್ಕ್ ಪರ್ಮಿಟ್ ಬೇಕಿರಲಿಲ್ಲ. 2006ರಲ್ಲಿ ಆ ನಿಯಮ ತೆಗೆದರು. ನನ್ನ ಜೊತೆ ಒಂದೇ ಮನೆಯಲ್ಲಿ ಅನ್ನ ಸಾರು ಮಾಡಿಕೊಂಡಿದ್ದ ನಾಲ್ವರಲ್ಲಿ ಇಬ್ಬರು ವಾಪಸ್ ಹೋದರು. ನಾನು ಉಳಿದದ್ದು ಜಾಣತನದಿಂದಲ್ಲ, ಆ ಹೊತ್ತಿಗೆ ಕೈಯಲ್ಲೊಂದು ಕೆಲಸ ಇತ್ತು, ಅಷ್ಟೇ.

ಎಂ.ಸಿಎಚ್ ವಿಷಯ. ಕೆಲಸ ಸಿಗೋಕೆ ಅದು ಸಹಾಯ, ಕನ್ಸಲ್ಟೆಂಟ್, ಅಂದರೆ ಇಲ್ಲಿನ ಹಿರಿಯ ತಜ್ಞ, ಆಗೋಕೆ ಅದೊಂದೇ ಸಾಲದು. ಸ್ಪೆಷಲಿಸ್ಟ್ ರಿಜಿಸ್ಟರ್‌ನಲ್ಲಿ ಹೆಸರು ಬರಬೇಕು. ಅದಕ್ಕೆ ಆರು ವರ್ಷದ ಟ್ರೇನಿಂಗ್‌ಗೆ ಮತ್ತೆ ಸೇರಬೇಕು, ಇಲ್ಲಾ ಪೋರ್ಟ್‌ಫೋಲಿಯೋ ದಾರಿ, ಅಂದರೆ ಮಾಡಿದ ಕೆಲಸದ ದಾಖಲೆ ಕೊಟ್ಟು ಅರ್ಹತೆ ತೋರಿಸೋ ದಾರಿ, ಹಿಡಿಯಬೇಕು. ಇದನ್ನು 2023ರವರೆಗೆ ಸಿ.ಇ.ಎಸ್.ಆರ್. ಅನ್ನುತ್ತಿದ್ದರು. ಎಫ್.ಆರ್.ಸಿ.ಎಸ್. ಪ್ಲಾಸ್ಟಿಕ್ಸ್ ಪರೀಕ್ಷೆ ಹೇಗೂ ಬರೆಯಿರಿ. ಊರಿನಲ್ಲಿ ಮಾಡಿದ ಪ್ರತಿ ಆಪರೇಷನ್ನಿನ ಲಾಗ್‌ಬುಕ್‌ಗೆ ಎಚ್‌.ಓ.ಡಿ. ಸಹಿ, ಸೀಲು ಈಗಲೇ ಹಾಕಿಸಿಕೊಳ್ಳಿ, ಅವರು ರಿಟೈರ್ ಆದಮೇಲೆ ಹುಡುಕಿಕೊಂಡು ಹೋಗೋದು ಎಂಥ ಕಷ್ಟ ಅಂತ ನನಗೆ ಗೊತ್ತು. ದವಡೆ ಕೆಲಸ ಇಲ್ಲಿ ಬಹಳ ಕಡೆ ಮ್ಯಾಕ್ಸಿಲೋಫೇಶಿಯಲ್‌ನವರ ಕೈಯಲ್ಲಿದೆ. ಅವರು ಡೆಂಟಲ್, ಮೆಡಿಕಲ್ ಎರಡೂ ಓದಿದವರು. ಅದಕ್ಕೇ ಯಾವ ಊರಿಗೆ ಹೋಗ್ತೀರಿ ಅನ್ನೋದು ಮುಖ್ಯ. ಕಾಸ್ಮೆಟಿಕ್ ದುಡ್ಡಿನ ಮಾತು ಹತ್ತು ವರ್ಷ ಬಿಟ್ಟು ಆಡೋಣ.

ಇನ್ನೊಂದು ವಿಷಯ ಮನೆಯವರಿಗೆ ಮೊದಲೇ ಹೇಳಿಬಿಡಿ. ಇಲ್ಲಿ ಎಂ.ಆರ್.ಸಿ.ಎಸ್. ಎಂಬ ಸರ್ಜರಿ ಪರೀಕ್ಷೆ ಪಾಸಾದ ಸರ್ಜನ್ನನ್ನು ‘ಡಾಕ್ಟರ್’ ಅನ್ನುವುದಿಲ್ಲ, ‘ಮಿಸ್ಟರ್’ ಅನ್ನುತ್ತಾರೆ, ನಿಮಗೆ ‘ಮಿಸ್’. ಹಿಂದೆ ಕ್ಷೌರಿಕರೇ ಸರ್ಜನ್ ಆಗಿದ್ದ ಕಾಲದಿಂದ ಬಂದದ್ದು. ನಾನು ಖುಷಿಯಿಂದ ಮನೆಗೆ ಫೋನ್ ಮಾಡಿ ಹೇಳಿದರೆ ಅಪ್ಪಯ್ಯ ತುಂಬ ಹೊತ್ತು ಸುಮ್ಮನಿದ್ದು, ‘ಅಷ್ಟು ಓದಿ ಇದ್ದ ಡಾಕ್ಟರೂ ಹೋಯ್ತಾ?’ ಅಂದರು.

ಹೆಮ್ಮೆಪಡೋಕೂ ಇದೆ ಬಿಡಿ. ಇಲ್ಲಿ ಬಿಸಿಲು ಕಂಡರೆ ಸಾಕು, ಬಿಳಿ ಚರ್ಮದವರು ಹೋಗಿ ಮಲಗುತ್ತಾರೆ, ವಯಸ್ಸಾದಮೇಲೆ ಮೂಗಿನ ಮೇಲೆ ಬೇಸಲ್ ಸೆಲ್ ಕ್ಯಾನ್ಸರ್ ಆಗುತ್ತದೆ. ಅದನ್ನು ಕತ್ತರಿಸಿ ತೆಗೆದ ಜಾಗಕ್ಕೆ ಹಣೆಯ ಚರ್ಮವನ್ನು ಹುಬ್ಬಿನ ಹತ್ತಿರ ರಕ್ತನಾಳ ಉಳಿಸಿಕೊಂಡು ತಿರುಗಿಸಿ ಹೊಲಿಯುತ್ತೇವೆ. ಸುಮಾರು ಮೂರು ವಾರ ಬಿಟ್ಟು ಆ ತೊಟ್ಟು ಕತ್ತರಿಸುತ್ತೇವೆ. ಇದು ನಮ್ಮಲ್ಲಿಂದಲೇ ಬಂದ ವಿದ್ಯೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಗಾಡಿ ಹೊಡೆಯುತ್ತಿದ್ದ ಕಾವಸ್‌ಜೀ ಎಂಬಾತ ಟಿಪ್ಪುವಿನ ಕಡೆಯವರಿಗೆ ಸಿಕ್ಕಿಬಿದ್ದ. ಅವನ ಮೂಗು, ಒಂದು ಕೈ ಕತ್ತರಿಸಿದರು. ಆಮೇಲೆ ಪುಣೆಯ ಕಡೆ ಒಬ್ಬ ದೇಶೀ ವೈದ್ಯ ಹಣೆಯ ಚರ್ಮದಿಂದ ಮೂಗು ಮಾಡಿಕೊಟ್ಟ. ಆ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರ ಸಮೇತ ಬಂತು. ಅದನ್ನು ನೋಡಿ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ ಹೆಣಗಳ ಮೇಲೆ ಅಭ್ಯಾಸ ಮಾಡಿ 1814ರಲ್ಲಿ ಇಲ್ಲಿ ಆ ಆಪರೇಷನ್ ಮಾಡಿದ. ನನ್ನ ಮೊದಲ ಬಾಸ್ ಥಿಯೇಟರಿನಲ್ಲಿ (ಆಪರೇಷನ್ ಕೋಣೆಗೆ ಇಲ್ಲಿ ಹೀಗನ್ನುತ್ತಾರೆ, ಓ.ಟಿ. ಅಂದರೆ ಆಕ್ಯುಪೇಷನಲ್ ಥೆರಪಿ ಅಂದುಕೊಳ್ಳುತ್ತಾರೆ) ‘ಇದು ನಿಮ್ಮ ಕಡೆಯದು’ ಅಂದಾಗ ನಾನು ಎದೆಯುಬ್ಬಿಸಿ ಇಡೀ ಕಥೆ ಹೇಳಿದೆ. ‘ಕುಯ್ದವರೂ ನಿಮ್ಮವರು, ಹೊಲಿದವರೂ ನಿಮ್ಮವರು’ ಅಂತ ಅವರು ನಕ್ಕರು. ಅದೂ ನಿಜ, ಅಲ್ವಾ?

ಈಗ ಕಷ್ಟದ ವಿಷಯ. ಕೈಗೆಲಸ ನಿಮಗೆ ಕಷ್ಟ ಆಗಲ್ಲ. ಗುಟ್ಕಾ, ಹೊಗೆಸೊಪ್ಪಿನಿಂದ ಬಾಯಿ ಕೆಟ್ಟವರನ್ನು ನಮ್ಮ ಕಡೆ ಒಂದು ವಾರದಲ್ಲಿ ನೋಡಿದಷ್ಟು ಇಲ್ಲಿ ತಿಂಗಳಿಗೂ ನೋಡಲ್ಲ. ನನಗೂ ಅದೇ ಧೈರ್ಯ ಇತ್ತು.

ಬಂದ ಮೂರನೇ ವರ್ಷ, ಯಾವ ಆಸ್ಪತ್ರೆ ಅನ್ನೋದು ಬೇಡ. ಒಬ್ಬ ವಯಸ್ಸಾದವರಿಗೆ ಕೆಳದವಡೆಯ ಕ್ಯಾನ್ಸರ್ ತೆಗೆದು, ಕಾಲಿನ ಫಿಬುಲಾ ಮೂಳೆಯನ್ನು ಚರ್ಮ, ರಕ್ತನಾಳ ಸಮೇತ ತಂದು (ಇದಕ್ಕೇ ಫ್ಲ್ಯಾಪ್ ಅನ್ನೋದು) ದವಡೆ ಮಾಡಿ, ಎರಡು ಮೂರು ಮಿಲಿಮೀಟರಿನ ಆ ನಾಳಗಳನ್ನು ಮೈಕ್ರೋಸ್ಕೋಪ್ ಕೆಳಗೆ ಕುತ್ತಿಗೆಯ ನಾಳಗಳಿಗೆ ಹೊಲಿದಿದ್ದೆವು. ಬೆಳಗ್ಗೆ ಶುರುವಾದದ್ದು ರಾತ್ರಿ ಮುಗಿಯಿತು. ಮೂರು ಗಂಟೆಗೆ ನರ್ಸ್ ಕರೆದಳು. ‘ಈ ಬಣ್ಣ ನನಗೆ ಅಷ್ಟು ಸಮಾಧಾನ ಇಲ್ಲ’ ಅಂದಳು. ನನ್ನ ಕಿವಿಗೆ ಅದು ಸಣ್ಣ ಮಾತಾಗಿ ಕೇಳಿಸಿತು. ಈ ಜನ ಬೆಂಕಿ ಬಿದ್ದರೂ ಇದಕ್ಕಿಂತ ಜೋರಾಗಿ ಕೂಗಲ್ಲ ಅಂತ ಆಗ ಗೊತ್ತಿರಲಿಲ್ಲ. ಹೋಗಿ ನೋಡಿದೆ. ಚರ್ಮ ಸ್ವಲ್ಪ ನೀಲಿ. ಒತ್ತಿ ಬಿಟ್ಟರೆ ರಕ್ತ ತಟ್ಟನೆ ತುಂಬಿತು. ಸೂಜಿ ಚುಚ್ಚಿದರೆ ಕಪ್ಪು ರಕ್ತ. ಅಂದರೆ ರಕ್ತ ಒಳಗೆ ಬರ್ತಿದೆ, ಹೊರಗೆ ಹೋಗ್ತಿಲ್ಲ, ವೇನ್ ಕಟ್ಟಿದೆ. ಪರೀಕ್ಷೆಯಲ್ಲಿ ಕೇಳಿದ್ದರೆ ನಿದ್ದೆಗಣ್ಣಲ್ಲೂ ಉತ್ತರ ಹೇಳುತ್ತಿದ್ದೆ. ಆದರೆ ಊರಿನಲ್ಲಿ ಪಿ.ಜಿ. ಮಾಡುವಾಗ ರಾತ್ರಿ ಫೋನ್ ಮಾಡಿ ಬೈಸಿಕೊಂಡದ್ದು ನೆನಪಿತ್ತು. ‘ಸರ್’ ಮಲಗಿರ್ತಾರೆ, ಹದಿನಾಲ್ಕು ಗಂಟೆ ನಿಂತಿದ್ದಾರೆ, ನಾನೇ ಏನಾದರೂ ಮಾಡ್ತೀನಿ ಅಂದುಕೊಂಡೆ. ಎರಡು ಹೊಲಿಗೆ ಬಿಚ್ಚಿದೆ, ಕುತ್ತಿಗೆ ಸರಿಮಾಡಿದೆ, ಕುರ್ಚಿ ಎಳೆದುಕೊಂಡು ಕೂತೆ. ಫೋನ್ ಮಾಡಿದ್ದು ಆರು ಗಂಟೆಗೆ.

ಫ್ಲ್ಯಾಪ್ ಉಳಿಯಲಿಲ್ಲ.

ಕನ್ಸಲ್ಟೆಂಟ್ ಕೂಗಾಡಲಿಲ್ಲ. ‘ನನ್ನ ಮನೆ ಇಲ್ಲಿಂದ ಎಂಟು ನಿಮಿಷ’ ಅಂದರು, ಅಷ್ಟೇ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ. ಆಮೇಲೆ ನನ್ನನ್ನೂ ಕರೆದುಕೊಂಡು ಹೋಗಿ ರೋಗಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು: ರಾತ್ರಿಯೇ ಮತ್ತೆ ತೆರೆದು ನೋಡಬೇಕಿತ್ತು, ತಡವಾಯಿತು, ತಪ್ಪು ನಮ್ಮದು. ನಮ್ಮ ಕಡೆ ಹೀಗೆ ಹೇಳಿದ್ದನ್ನು ನಾನು ನೋಡಿರಲಿಲ್ಲ. ಆ ಮನುಷ್ಯನಿಗೆ ಮಾತಾಡೋಕೆ ಆಗ್ತಿರಲಿಲ್ಲ. ಸ್ಲೇಟಿನ ಮೇಲೆ ಬರೆದು ನನ್ನ ಕಡೆ ತಿರುಗಿಸಿದ: ‘ನೀನು ದಣಿದಿದ್ದೆಯಾ?’ ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಹೌದು ಅಂದೆ. ದಣಿವಲ್ಲ ಅದು, ಹೆದರಿಕೆ. ಆ ಸುಳ್ಳು ಆ ಮೂರು ಗಂಟೆಗಿಂತ ಜಾಸ್ತಿ ಕಾಡುತ್ತದೆ. ಎದೆಯ ಸ್ನಾಯು ತಂದು ಗಾಯ ಮುಚ್ಚಿದೆವು. ಆದರೆ ದವಡೆ ಒಂದು ಕಡೆ ಜಗ್ಗಿಯೇ ಉಳಿಯಿತು, ಅವನು ಕೊನೆಯವರೆಗೂ ಮೆತ್ತಗಿನದೇ ತಿಂದ.

ಈಗ ನನ್ನ ಜೂನಿಯರ್‌ಗಳು ರಾತ್ರಿ ಏನಿಲ್ಲದಿದ್ದರೂ ಫೋನ್ ಮಾಡುತ್ತಾರೆ. ಹೆಂಡತಿ ಬೈಯುತ್ತಾಳೆ. ಕಳೆದ ಚಳಿಗಾಲದಲ್ಲಿ ಹಾಗೆ ಮಾಡಿದ್ದಕ್ಕೇ ಒಂದು ಕಿವಿ ಉಳಿಯಿತು. ಹೊಲಿಯೋಕೆ ವೇನ್ ಸಿಗದೆ, ನಿಂತ ರಕ್ತ ಹೀರಲಿ ಅಂತ ಜಿಗಣೆ ಹಾಕಿದೆವು. ವೇಲ್ಸ್‌ನಲ್ಲಿ ಸಾಕಿ ಡಬ್ಬಿಯಲ್ಲಿ ಕಳಿಸುತ್ತಾರೆ. ತೋಟದಲ್ಲಿ ಉಂಬಳ ಹತ್ತಿದರೆ ಸುಣ್ಣ ಹಚ್ಚಿ ಕಿತ್ತು ಎಸೆದವನು ನಾನು. ಇಲ್ಲಿ ನಿಂತು ‘ಕಚ್ಚು ತಾಯಿ’ ಅಂತ ಕನ್ನಡದಲ್ಲೇ ಬೇಡಿಕೊಂಡೆ. ಜೂನಿಯರ್ ಅದು ಮಂತ್ರ ಅಂದುಕೊಂಡಳು.

ಅಮ್ಮನ ವಿಷಯ ಕೊನೆಗೆ ಇಟ್ಟೆ. 2012ರಿಂದ ವಯಸ್ಸಾದ ತಂದೆತಾಯಿಯನ್ನು ಇಲ್ಲೇ ಇರಿಸಿಕೊಳ್ಳುವ ವೀಸಾ ಸಿಗೋದು ಬಹಳ ಅಪರೂಪ. ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಆರು ತಿಂಗಳು. ನನ್ನ ಅಮ್ಮ ಬಂದು ಐದೇ ವಾರಕ್ಕೆ, ಬಾಗಿಲು ಹಾಕಿಕೊಂಡ ಬೀದಿ ನೋಡಿ ಸಾಕಾಗಿ, ದನ ನೋಡಬೇಕು ಅಂತ ಹೊರಟರು. ಆಮೇಲೊಂದು ಜುಲೈಯಲ್ಲಿ ಬೆಳಗ್ಗೆ ಆರಕ್ಕೆ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಕೈ ಮುರಿದುಕೊಂಡರು. ನನಗೆ ಫೋನ್ ಬಂದದ್ದು ಅಲ್ಲಿ ಹನ್ನೊಂದೂವರೆ ಆದಮೇಲೆ. ಆರು ಗಂಟೆ ಅಂದರೆ ನನಗೆ ರಾತ್ರಿ ಒಂದೂವರೆ, ‘ಮಲಗಿರ್ತಿ, ಎಬ್ಬಿಸೋದು ಯಾಕೆ ಅಂತ ಸುಮ್ನಿದ್ದೆ’ ಅಂದರು. ಪಕ್ಕದ ಮನೆಯವರಿಗೂ ಹೇಳಿರಲಿಲ್ಲ.

ನಿಮ್ಮ ಮೊದಲ ರಾತ್ರಿ ಪಾಳಿ ಯಾವತ್ತು ಅಂತ ತಿಳಿಸಿ. ನನ್ನ ನಂಬರ್ ಬೇರೆಯಾಗಿ ಕಳಿಸುತ್ತೇನೆ.