ಮರುಭೂಮಿಯ ಬಿಸಿಲಿಗೆ ವಾಂತಿಭೇದಿಯ ವೈರಾಣು ಸಾಯುವುದಿಲ್ಲವೇ?

ಕಾರವಾರದಲ್ಲಿ ಮಳೆ ಹಿಡಿದು ಬಾವಿ ನೀರು ಕದಡಿದಾಗ ವಾಂತಿಭೇದಿ ಹೆಚ್ಚುತ್ತದೆ, ಹಾಗಾದರೆ ಮಳೆಯೇ ಅಪರೂಪವಾದ ಮರುಭೂಮಿಯವರಿಗೆ ಈ ಕಾಟ ಇಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಇದೆ. ವಾಂತಿಭೇದಿ ತರುವ ರೋಟಾ, ನೊರೊ ವೈರಾಣುಗಳಿಗೆ ಕೊಬ್ಬಿನ ಹೊರಪೊರೆ ಇಲ್ಲ. ಇರುವುದು ಗಟ್ಟಿ ಪ್ರೋಟೀನ್ ಕವಚ. ಹಾಗಾಗಿ ಒಣಗಿದರೂ ಬೇಗ ಸಾಯುವುದಿಲ್ಲ. ನೇರ ಬಿಸಿಲಿಗೆ ಕುಗ್ಗುತ್ತವೆ ನಿಜ, ಆದರೆ ಮನೆಯೊಳಗಿನ ಬಾಗಿಲ ಚಿಲಕದ ಮೇಲೆ ದಿನಗಟ್ಟಲೆ ಉಳಿಯಬಲ್ಲವು.

ಅಲ್ಲಿನ ದೊಡ್ಡ ಕಷ್ಟ ನೀರಿನ ಕೊರತೆ. ನಮಗೆ ಅಂಗಳದ ಬಾವಿಗೆ ಕೊಡ ಇಳಿಸಿದರೆ ಆಯಿತು. ರಾಜಸ್ಥಾನದ ಥಾರ್ ಮರುಭೂಮಿಯ ಹಳ್ಳಿಗಳಲ್ಲಿ ಮಳೆನೀರನ್ನು ‘ಟಾಂಕಾ’ ಎಂಬ ನೆಲತೊಟ್ಟಿಯಲ್ಲಿ ಕೂಡಿಟ್ಟು ತಿಂಗಳುಗಟ್ಟಲೆ ಬಳಸುತ್ತಾರೆ. ಮಗುವನ್ನು ತೊಳೆಸಿದ ತಾಯಿ ಅರ್ಧ ತಂಬಿಗೆ ನೀರಿನಲ್ಲೇ ಕೈ ತೊಳೆದು ರೊಟ್ಟಿಹಿಟ್ಟು ನಾದಬೇಕು. ಅದು ಅವಳ ತಪ್ಪಲ್ಲ. ಆದರೆ ನೊರೊ ವೈರಾಣುವಿನ ಕೆಲವೇ ಕಣಗಳು ಸೋಂಕಿಗೆ ಸಾಕು. ಸ್ಯಾನಿಟೈಸರ್ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ, ಸೋಪು ನೀರೇ ಬೇಕು.

ಬಿಸಿ ಒಣಹವೆಯಲ್ಲಿ ಮಕ್ಕಳ ಮೈಯ ನೀರು ಬಹಳ ಬೇಗ ಬತ್ತುತ್ತದೆ; ಭೇದಿ ಶುರುವಾದ ಕೂಡಲೇ ಓಆರ್‌ಎಸ್ (ಉಪ್ಪು-ಸಕ್ಕರೆ ಬೆರೆತ ಪುಡಿಯ ದ್ರಾವಣ) ಕುಡಿಸಿ. ರೋಟಾ ಲಸಿಕೆಯನ್ನು 6, 10, 14ನೇ ವಾರಗಳಲ್ಲಿ ಸರ್ಕಾರವೇ ಉಚಿತವಾಗಿ ಬಾಯಿಗೆ ಹಾಕಿಸುತ್ತದೆ, ಥಾರ್‌ನ ಜೈಸಲ್ಮೇರ್‌ನಲ್ಲೂ ಕಾರವಾರದಲ್ಲೂ.