ನಮ್ಮ ಬೀದಿ ಟಿವಿಯಲ್ಲಿ ಬಂತು, ಈಗೇನು ಮಾಡೋಣ?

ಪ್ರಶ್ನೆ: ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ನೈಜೀರಿಯಾದ ಇಬ್ಬರು ಹುಡುಗರು ಬಾಡಿಗೆಗೆ ಇದ್ದಾರೆ. ಕಾಲೇಜಿಗೆ ಹೋಗುತ್ತಾರೆ, ಒಂದು ತಿಂಗಳೂ ಬಾಡಿಗೆ ತಪ್ಪಿಸಿಲ್ಲ. ಮೊನ್ನೆ ಒಂದು ಚಾನೆಲ್‌ನಲ್ಲಿ ಡ್ರಗ್ಸ್ ಕೇಸಿನ ಸುದ್ದಿ ಬಂತು. ಸಿಕ್ಕಿಬಿದ್ದವನು ಒಬ್ಬ, ಅದೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಆದರೆ ತೋರಿಸಿದ್ದು ನಮ್ಮ ರಸ್ತೆ, ಅಂಗಡಿ ಮುಂದೆ ನಿಂತಿದ್ದ ನಮ್ಮ ಹುಡುಗರು! ಕೆಳಗೆ "ಆಫ್ರಿಕನ್ ಗ್ಯಾಂಗ್" ಅಂತ ಓಡುತ್ತಿತ್ತು. ಮಾರನೇ ದಿನದಿಂದ "ಅವರನ್ನ ಖಾಲಿ ಮಾಡಿಸಿ ಆಂಟಿ" ಅಂತ ಅಕ್ಕಪಕ್ಕದವರದ್ದು ಶುರು. ಇದು ಜನಾಂಗ ದ್ವೇಷ ಅಲ್ವಾ ಸರ್? ನನ್ನಂಥವಳು ಏನು ಮಾಡಬಹುದು?
– ಹೆಸರು ಬೇಡ, ಹೆಣ್ಣೂರು, ಬೆಂಗಳೂರು

ಉತ್ತರ: ಅಮ್ಮಾ, ನಿಮ್ಮ ಪತ್ರ ಬಂದ ದಿನವೇ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಬೇರೆ ಬೀದಿಯವರಿಗೂ ಬೇಕಾದೀತು.

ಇದು ಜನಾಂಗ ದ್ವೇಷವೇ, ಅನುಮಾನ ಬೇಡ. ಆದರೆ ಚಾನೆಲ್‌ಗೆ ಹಾಗಂತ ಮಾತ್ರ ಬರೆದು ಸುಮ್ಮನಾಗಬೇಡಿ. ನಾನು ರಿಟೈರ್ ಆಗುವವರೆಗೂ ಸುದ್ದಿ ಡೆಸ್ಕಿನಲ್ಲಿ ಕೂತವನು. "ನಿಮಗೆ ನಾಚಿಕೆ ಆಗಲ್ವಾ" ಅಂತ ಬಂದ ಪತ್ರವನ್ನು ಅಲ್ಲಿ ಒಬ್ಬ ಜೋರಾಗಿ ಓದುತ್ತಾನೆ, ನಾಲ್ಕು ಜನ ನಗುತ್ತಾರೆ, ಮುಗಿಯಿತು. ಅದೇ "ಇಂಥ ದಿನ ರಾತ್ರಿ 9ರ ಸುದ್ದಿ, ತೋರಿಸಿದ ರಸ್ತೆ ತಪ್ಪು, ನಿಂತವರು ಆರೋಪಿಗಳಲ್ಲ" ಅಂತ ಬಂದರೆ ಯಾರೂ ನಗುವುದಿಲ್ಲ. ಅಂಥ ಪತ್ರಕ್ಕೆ ಯಾರಾದರೊಬ್ಬರು ಉತ್ತರ ಬರೆಯಲೇಬೇಕಾಗುತ್ತದೆ.

ಈ ಥರದ ಸುದ್ದಿ ತಯಾರಾಗುವ ರೀತಿ ಹೀಗೆ. ಸಂಜೆ ಪೊಲೀಸರ ಪ್ರೆಸ್‌ನೋಟ್ ಬರುತ್ತದೆ. ಅದರಲ್ಲಿ "ವಿದೇಶಿ ಪ್ರಜೆ" ಅಂತ ಇರುತ್ತದೆ. ಡೆಸ್ಕಿಗೆ ಬರುವಷ್ಟರಲ್ಲಿ ಒಬ್ಬ ವ್ಯಕ್ತಿ ಗ್ಯಾಂಗ್ ಆಗಿರುತ್ತಾನೆ, ಒಂದು ದೇಶ ಇಡೀ ಆಫ್ರಿಕಾ ಆಗಿರುತ್ತದೆ. ಬುಲೆಟಿನ್ ಶುರುವಾಗಲಿಕ್ಕೆ ಹತ್ತು ನಿಮಿಷ ಇದೆ, ದೃಶ್ಯ ಇಲ್ಲ. ಕಮ್ಮನಹಳ್ಳಿ, ಹೆಣ್ಣೂರು, ಕೊತ್ತನೂರಿನಲ್ಲಿ ಯಾವಾಗಲೋ ಶೂಟ್ ಮಾಡಿದ್ದ ಫೈಲ್ ದೃಶ್ಯ ಇದ್ದೇ ಇರುತ್ತದೆ. "ಹಾಕ್ರೀ ಅದನ್ನೇ" ಅನ್ನುತ್ತಾರೆ. ಆರೋಪಿ ಯಾವ ದೇಶದವನು ಅಂತ ವರದಿಯೊಳಗೆ ಒಮ್ಮೆ ಹೇಳಿದರೆ ನನಗೆ ತಕರಾರಿಲ್ಲ. ವೀಸಾ, ಗಡೀಪಾರು ಅಂತೆಲ್ಲ ಬರುತ್ತದಲ್ಲ. ಆದರೆ ದಾರಿಯಲ್ಲಿ ನಿಂತವರ ಮುಖವನ್ನು ಇನ್ಯಾರದೋ ಕೇಸಿಗೆ ಅಂಟಿಸುವುದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

"ಎಲ್ಲರೂ ಒಂದೇ ಥರ ಇದ್ದಾರಲ್ಲ" ಅನ್ನುವ ಕಣ್ಣು ಎಲ್ಲಿಗೆ ಮುಟ್ಟಿಸುತ್ತದೆ ಅಂತ ಬೆಂಗಳೂರು ನೋಡಿದೆ. 2016ರ ಜನವರಿ 31ರ ರಾತ್ರಿ ಹೆಸರಘಟ್ಟದ ಕಡೆ ಸೂಡಾನ್‌ನ ವಿದ್ಯಾರ್ಥಿಯ ಕಾರು ಗುದ್ದಿ ಒಬ್ಬ ಹೆಂಗಸು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ. ಗುಂಪನ್ನು ಟಿವಿ ಕಳಿಸಿತು ಅಂತ ನಾನು ಹೇಳುತ್ತಿಲ್ಲ. ಆದರೆ ದಿನಾ ಸಂಜೆ ಆ ಕಣ್ಣನ್ನು ಪಳಗಿಸುವವರು ಯಾರು?

ಈಗ ಕೆಲಸದ ಮಾತು. ಚಾನೆಲ್‌ನ ಯೂಟ್ಯೂಬ್ ಪುಟದಲ್ಲಿ ಆ ವಿಡಿಯೊ ಇರುತ್ತದೆ. ಲಿಂಕ್ ಬರೆದಿಡಿ, ನಿಮ್ಮ ರಸ್ತೆ ಬರುವ ನಿಮಿಷ, ಸೆಕೆಂಡ್ ಗುರುತು ಹಾಕಿ, ಸ್ಕ್ರೀನ್‌ಶಾಟ್ ತೆಗೆಯಿರಿ. ತಡ ಮಾಡಬೇಡಿ. ಸುದ್ದಿ ಚಾನೆಲ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆ ಎನ್‌ಬಿಡಿಎಸ್‌ಎ ನಿಯಮದಲ್ಲಿ, ಪ್ರಸಾರವಾದ 7 ದಿನದೊಳಗೆ ಮೊದಲು ಚಾನೆಲ್‌ಗೇ ದೂರು ಕೊಡಬೇಕು. ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಅನಿಸದಿದ್ದರೆ, ಆ ಸಂಸ್ಥೆಗೆ ಹೋಗಬಹುದು. ಆದರೆ ಎಲ್ಲ ಚಾನೆಲ್‌ಗಳೂ ಅದರ ಸದಸ್ಯರಲ್ಲ. ಸದಸ್ಯರ ಪಟ್ಟಿ ಅವರ ವೆಬ್‌ಸೈಟಿನಲ್ಲಿದೆ, ಒಮ್ಮೆ ನೋಡಿಕೊಳ್ಳಿ. ಪಟ್ಟಿಯಲ್ಲಿ ಇಲ್ಲದಿದ್ದರೂ ಚಾನೆಲ್‌ಗೆ ಬರೆಯುವುದನ್ನು ಬಿಡಬೇಡಿ. 2021ರಲ್ಲಿ ತಿದ್ದಿದ ಕೇಬಲ್ ಟಿವಿ ನಿಯಮದ ಪ್ರಕಾರ ಪ್ರತಿ ಚಾನೆಲ್ಲೂ ದೂರು ಬಂದ 24 ಗಂಟೆಯೊಳಗೆ "ತಲುಪಿದೆ" ಅನ್ನಬೇಕು, 15 ದಿನದೊಳಗೆ ಏನು ಮಾಡಿದೆ ಅಂತ ಹೇಳಬೇಕು.

ಪತ್ರ ಇಷ್ಟೇ ಉದ್ದ ಸಾಕು:

"ಇಂಥ ದಿನ ರಾತ್ರಿ 9ರ ಸುದ್ದಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಬಂಧನದ ವರದಿಗೆ ಹೆಣ್ಣೂರಿನ ರಸ್ತೆಯ ದೃಶ್ಯ ತೋರಿಸಿದ್ದೀರಿ. ಲಿಂಕ್, ಸಮಯ ಕೆಳಗಿದೆ. ದೃಶ್ಯದಲ್ಲಿರುವವರಿಗೂ ಪ್ರಕರಣಕ್ಕೂ ಸಂಬಂಧವಿಲ್ಲ. ಬಂಧನವಾದದ್ದು ಒಬ್ಬರದು, ನೀವು ಗ್ಯಾಂಗ್ ಎಂದಿದ್ದೀರಿ. ಆರೋಪಿ ಬೇರೆ ಊರಿನ ಕನ್ನಡಿಗನಾಗಿದ್ದರೆ ಆ ಊರಿನ ದಾರಿಹೋಕರನ್ನು ತೋರಿಸುತ್ತಿದ್ದಿರಾ? ದೃಶ್ಯವನ್ನೂ ಆ ಪದವನ್ನೂ ತೆಗೆದು, ತೆಗೆದದ್ದನ್ನು ತಿಳಿಸಿ, ತಿದ್ದುಪಡಿ ಪ್ರಸಾರ ಮಾಡಿ."

ಕಳಿಸುವ ಮೊದಲು ಆ ಹುಡುಗರನ್ನು ಕೇಳಿ. ಇದು ಎಲ್ಲಕ್ಕಿಂತ ಮುಖ್ಯ. ವೀಸಾ ಮೇಲೆ ಇರುವವರಿಗೆ ಯಾವ ಕಾಗದ ಕಂಡರೂ ಭಯ. ಬೇಡ ಅಂದರೆ ಅವರ ಹೆಸರು, ವಿಳಾಸ ಹಾಕದೆ, ರಸ್ತೆಯ ನಿವಾಸಿ ಅಂತ ನಿಮ್ಮ ಹೆಸರಲ್ಲೇ ಕಳಿಸಿ. ಇನ್ನೊಂದು ಮಾತು: "ನೋಡಿ ಎಂಥ ಅನ್ಯಾಯ" ಅಂತ ಆ ವಿಡಿಯೊವನ್ನು ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ನೋಡದೇ ಇದ್ದವರೂ ನೋಡುತ್ತಾರೆ. ಪಕ್ಕದ ಮನೆಯವರಿಗೆ ಬೇಕಾದರೆ ಎಫ್‌ಐಆರ್ ಯಾವ ಠಾಣೆಯದು ಅಂತ ಬಾಯಲ್ಲೇ ಹೇಳಿ.

ಪ್ರಶ್ನೆ: ಪತ್ರಿಕೆಯಲ್ಲಿ ಇಂಥದ್ದು ಬಂದರೆ? ಬರೆದರೆ ಏನಾದರೂ ಆಗುತ್ತದೆ ಅಂತ ನಿಮಗೆ ನಂಬಿಕೆ ಇದೆಯೇ?
– ನಿವೃತ್ತ ಶಿಕ್ಷಕ, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ಮೊದಲು ಸಂಪಾದಕರಿಗೆ ಬರೆಯಿರಿ. ಅವರು ಕೇಳದಿದ್ದರೆ ದೆಹಲಿಯ ಭಾರತೀಯ ಪತ್ರಿಕಾ ಮಂಡಳಿ ಇದೆ. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ 2 ತಿಂಗಳೊಳಗೆ, ಉಳಿದವಕ್ಕೆ 4 ತಿಂಗಳೊಳಗೆ ದೂರು ಹೋಗಬೇಕು. ಸುದ್ದಿಯ ಕತ್ತರಿಕೆ, ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರದ ಪ್ರತಿ ಜೊತೆಗಿರಲಿ. ಮಂಡಳಿಗೆ ದಂಡ ಹಾಕುವ ಅಧಿಕಾರ ಇಲ್ಲ. ಎಚ್ಚರಿಸಬಹುದು, ಛೀಮಾರಿ ಹಾಕಬಹುದು, ಅಷ್ಟೇ. ಅದು ಹಲ್ಲಿಲ್ಲದ ಹಾವು ಅಂತ ನಾವೇ ಡೆಸ್ಕಿನಲ್ಲಿ ಆಡಿಕೊಳ್ಳುತ್ತಿದ್ದೆವು. ಆದರೂ ಅಲ್ಲಿಂದ ನೋಟಿಸ್ ಬಂದ ದಿನ ಸಂಪಾದಕರ ಮುಖ ನೋಡಬೇಕಿತ್ತು!

ಬರೆದರೆ ಆಗುತ್ತದೆಯೇ? 2014ರ ಸೆಪ್ಟೆಂಬರ್‌ನಲ್ಲಿ ಮಂಗಳಯಾನ ಮಂಗಳನ ಕಕ್ಷೆ ಸೇರಿತು. ಅದನ್ನು ನಡೆಸಿದ್ದು ಇಲ್ಲೇ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರದಿಂದ. ಅದಾದ ಕೆಲವೇ ದಿನಕ್ಕೆ ನ್ಯೂಯಾರ್ಕ್ ಟೈಮ್ಸ್ ಒಂದು ವ್ಯಂಗ್ಯಚಿತ್ರ ಹಾಕಿತು. ಬಾಹ್ಯಾಕಾಶ ಕ್ಲಬ್ಬಿನೊಳಗೆ ದೊಡ್ಡ ಮನುಷ್ಯರು ಕೂತಿದ್ದಾರೆ, ಹೊರಗೆ ಹಸು ಹಿಡಿದ ಭಾರತದ ರೈತ ಬಾಗಿಲು ಬಡಿಯುತ್ತಿದ್ದಾನೆ. ಓದುಗರು ಬರೆದರು, ರಾಶಿ ರಾಶಿ ಬರೆದರು. ಅಕ್ಟೋಬರ್ ಮೊದಲ ವಾರದಲ್ಲೇ ಆ ಪತ್ರಿಕೆಯ ಸಂಪಾದಕೀಯ ಪುಟದ ಮುಖ್ಯಸ್ಥರು ಫೇಸ್‌ಬುಕ್‌ನಲ್ಲಿ ಕ್ಷಮೆ ಕೇಳಿದರು, ಓದುಗರ ದೂರುಗಳನ್ನೇ ಹೆಸರಿಸಿ. ಆಗ ನಮಗೆಲ್ಲ ಎಷ್ಟು ಉರಿದಿತ್ತು, ನೆನಪಿದೆಯಾ? ಮಣಿಪುರದ ಹುಡುಗಿಯನ್ನು "ಚೀನಾದವಳು" ಅಂದಾಗಲೂ ಅಷ್ಟೇ ಉರಿಯಬೇಕು. ಆ ವಿಷಯಕ್ಕೆ ಕನ್ನಡದ ಡೆಸ್ಕುಗಳಿಗೆ ಎಷ್ಟು ಪತ್ರ ಬರುತ್ತವೆ ಅಂತ ನನ್ನ ಬಾಯಿ ಬಿಡಿಸಬೇಡಿ.

ಪ್ರಶ್ನೆ: ನಾವು ಸಿದ್ದಿಗಳು, ಆಫ್ರಿಕಾ ಮೂಲದ ಕನ್ನಡ ನಾಡಿನವರು. ನಮ್ಮ ಬಗ್ಗೆ ಪತ್ರಿಕೆಗಳಲ್ಲಿ ಒಳ್ಳೆಯದೇ ಬರುತ್ತದೆ, ಆದರೆ ಯಾವಾಗಲೂ ಡಮಾಮಿ ನೃತ್ಯದ ಫೋಟೊ, ಗುಂಗುರು ಕೂದಲಿನ ಮಾತು. ಹೊಗಳಿದ್ದಕ್ಕೂ ದೂರು ಕೊಡಬಹುದೇ?
– ಓದುಗ, ಯಲ್ಲಾಪುರ

ಉತ್ತರ: ಕೊಡಬಹುದು ತಮ್ಮಾ, ಆದರೆ ಇಲ್ಲಿ ದೂರಿಗಿಂತ ಫೋನ್ ಜಾಸ್ತಿ ಕೆಲಸ ಮಾಡುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸುದ್ದಿ ಬರೆಯುವವರು ತಾಲ್ಲೂಕಿಗೆ ಕೈಬೆರಳೆಣಿಕೆಯ ಜನ, ನಿಮಗೂ ಮುಖಪರಿಚಯ ಇರುತ್ತದೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಆದಾಗ ಅದು ಎಲ್ಲ ಕಡೆ ಸುದ್ದಿಯಾಯಿತು. ಅಂಥದ್ದು ತಾನಾಗಿ ಬರುತ್ತದೆ. ತಾನಾಗಿ ಬರದೇ ಇರುವುದು ಅರಣ್ಯ ಹಕ್ಕಿನ ಅರ್ಜಿ, ಹಾಸ್ಟೆಲ್ ಸೀಟು, ಮಳೆಗಾಲದಲ್ಲಿ ನಿಲ್ಲುವ ಬಸ್ಸು. ಅದಕ್ಕೆ ವರದಿಗಾರರನ್ನು ನೀವೇ ಕರೆಯಿರಿ. ಫೋಟೊವನ್ನೂ ನೀವೇ ಕೊಡಿ: ಅರ್ಜಿ ಹಿಡಿದು ತಹಶೀಲ್ದಾರ್ ಕಚೇರಿ ಮುಂದೆ ನಿಂತವರದ್ದು, ಹೆಸರು, ಊರಿನ ಸಮೇತ. ಡೆಸ್ಕಿನವನ ಕೈಯಲ್ಲಿ ಹೊಸ ಫೋಟೊ ಇದ್ದರೆ ಅವನು ಹಳೇ ಡಮಾಮಿ ಫೋಟೊ ಹುಡುಕಲು ಹೋಗುವುದಿಲ್ಲ.